ಬಾರ್ಬೆರಾ ಎಂಬ ಬಡವರ ವೈನು

'ನಯ' ಎಂಬುದು ಕನ್ನಡದಲ್ಲಿ ಬಹಳ ದುಡಿಯುವ ಶಬ್ದ. ರೇಷ್ಮೆ ಸೀರೆ ನಯ, ಚೆನ್ನಾಗಿ ರುಬ್ಬಿದ ಹಿಟ್ಟು ನಯ. ಹಿರಿಯರೊಡನೆ ಮಾತನಾಡುವಾಗ ನಯ-ವಿನಯ ಇರಬೇಕು. ಅದೇ ಶಬ್ದದ ಪಕ್ಕದಲ್ಲಿ 'ವಂಚಕ' ಬಂದು ನಿಂತರೆ ಮಾತ್ರ ನಾವು ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ನಯವಾಗಿರುವುದೆಲ್ಲ ಒಳ್ಳೆಯದಲ್ಲ ಎಂಬ ಎಚ್ಚರ ನಮ್ಮ ಭಾಷೆಯಲ್ಲೇ ಇದೆ.

ವೈನಿನ ಬಗ್ಗೆ ಬರೆಯುವವರಿಗೂ ಈ ನಯದ ಮೇಲೆ ವಿಪರೀತ ಮೋಹ. ಬಾಟಲಿಯ ಬೆನ್ನಿಗೆ ಅಂಟಿಸಿದ ಚೀಟಿ ಓದಿದರೆ, 'ನಯವಾದ ಕೆಂಪು ವೈನು, ಪಾಸ್ತಾಕ್ಕೂ ಮಾಂಸಕ್ಕೂ ಹೊಂದುತ್ತದೆ' ಎಂದಿರುತ್ತದೆ. ಗಂಡಿನ ಕಡೆಯವರಿಗೆ 'ಹುಡುಗಿ ಒಳ್ಳೆಯವಳು, ಎಲ್ಲರೊಡನೆ ಹೊಂದಿಕೊಳ್ಳುತ್ತಾಳೆ' ಎಂದು ಹೇಳಿದ ಹಾಗೆ. ಅದರಿಂದ ಏನೂ ತಿಳಿಯುವುದಿಲ್ಲ. ಆ ನಯ ಎಲ್ಲಿಂದ ಬಂತು, ಯಾರು ತಂದರು, ಏತಕ್ಕಾಗಿ ತಂದರು? ಇಟಲಿಯ ಒಂದು ಕೆಂಪು ವೈನಿನ ನೆಪದಲ್ಲಿ ಈ ಪ್ರಶ್ನೆಗಳನ್ನು ಕೇಳಬೇಕೆನಿಸಿದೆ. ಅದರ ಹೆಸರು ಬಾರ್ಬೆರಾ. ಭಾನುವಾರ ಬೆಳಿಗ್ಗೆ ಕಾಫಿ ಹೀರುತ್ತ ಈ ಪುಟ ತೆರೆದವರು ಹುಬ್ಬೇರಿಸಬೇಕಾಗಿಲ್ಲ. ಇದರಲ್ಲಿ ಅಮಲಿನ ಮಾತು ಕಡಿಮೆ, ಊಟದ ಮಾತೇ ಹೆಚ್ಚು.

ಕೆಲಸದ ನಿಮಿತ್ತ ಎರಡು ವರ್ಷ ನಾನು ಇಟಲಿಯ ತುರಿನ್ ನಗರದಲ್ಲಿದ್ದೆ. ದೇಶದ ವಾಯವ್ಯ ಮೂಲೆಯಲ್ಲಿರುವ ಪಿಯೆಮೊಂತೆ ಪ್ರಾಂತದ ರಾಜಧಾನಿ ಅದು. ಪಿಯೆಮೊಂತೆ ಎಂದರೆ 'ಬೆಟ್ಟದ ಬುಡ'. ಹೆಸರಿಗೆ ತಕ್ಕಂತೆ, ಆಕಾಶ ತಿಳಿಯಾದ ದಿನ ಬೀದಿಯ ತುದಿಯಲ್ಲಿ ಆಲ್ಪ್ಸ್ ಪರ್ವತದ ಹಿಮ ಕಾಣುತ್ತದೆ. ಅಲ್ಲಿಂದ ರೈಲು ಹತ್ತಿದರೆ ಗಂಟೆಯೊಳಗೆ ಒಂದು ಊರು ಸಿಗುತ್ತದೆ. ಊರಿನ ಹೆಸರು ಆಸ್ತಿ! ಕನ್ನಡಿಗನಾದವನು ಆ ನಿಲ್ದಾಣದ ಫಲಕ ನೋಡಿ ನಗದೆ ಇರಲಾರ. ಸುತ್ತ ಮೊನ್‌ಫೆರ್ರಾತೊ ಎಂಬ ಸಣ್ಣ ಸಣ್ಣ ಗುಡ್ಡಗಳ ಸೀಮೆ. ಗುಡ್ಡದ ಮೈಗೆಲ್ಲ ಬಾಚಣಿಗೆಯಲ್ಲಿ ಗೀರಿದಂತೆ ದ್ರಾಕ್ಷಿಯ ಸಾಲುಗಳು, ನೆತ್ತಿಯ ಮೇಲೊಂದು ಹಳ್ಳಿ, ಹಳ್ಳಿಗೊಂದು ಚರ್ಚಿನ ಗೋಪುರ. ಆಸ್ತಿಯವರ ಆಸ್ತಿಯೆಂದರೆ ಈ ದ್ರಾಕ್ಷಿ. ಅದರಲ್ಲೂ ಮುಖ್ಯವಾದದ್ದು ಬಾರ್ಬೆರಾ.

ದ್ರಾಕ್ಷಿಯ ಹೆಸರೂ ಅದೇ, ವೈನಿನ ಹೆಸರೂ ಅದೇ. ಅಲ್ಲಿಯ ಹಳಬರು ಅದನ್ನು ಹೆಣ್ಣಾಗಿ ಕರೆಯುತ್ತಾರೆ: 'ಲಾ ಬಾರ್ಬೆರಾ'. ಅದೇ ಪಿಯೆಮೊಂತೆಯ ಇನ್ನೊಂದು ವೈನಾದ ಬಾರೋಲೊ ಗಂಡು. ಬಾರೋಲೊ ರಾಜಮನೆತನದವರ ಮೇಜಿನ ಮೇಲೆ ಬೆಳೆದದ್ದು. ಅದನ್ನು ಕೊಡುವ ನೆಬ್ಬಿಯೋಲೊ ದ್ರಾಕ್ಷಿಗೆ ಗುಡ್ಡದಲ್ಲಿ ಒಳ್ಳೆಯ ಬಿಸಿಲು ಬೀಳುವ ಜಾಗವನ್ನು ಬಿಟ್ಟುಕೊಡಬೇಕು. ಮಿಕ್ಕ ಜಾಗ ಬಾರ್ಬೆರಾಕ್ಕೆ. ಅವಳಿಗೆ ಆ ಬಗ್ಗೆ ಕೊರಗಿಲ್ಲ. ಎಲ್ಲಿ ನೆಟ್ಟರೂ ಚಿಗುರುತ್ತಾಳೆ, ಹೇರಳವಾಗಿ ಫಲ ಕೊಡುತ್ತಾಳೆ, ನೆಬ್ಬಿಯೋಲೊಗಿಂತ ಬೇಗ ಹಣ್ಣಾಗುತ್ತಾಳೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲೊಕ್ಸೆರಾ ಎಂಬ ಬೇರಿನ ಹೇನು ಯೂರೋಪಿನ ದ್ರಾಕ್ಷಿ ತೋಟಗಳನ್ನು ತಿಂದುಹಾಕಿದ ಮೇಲೆ ಮತ್ತೆ ತೋಟ ಕಟ್ಟಹೊರಟ ಪಿಯೆಮೊಂತೆಯ ರೈತರು ಬಾರ್ಬೆರಾವನ್ನೇ ಹೆಚ್ಚಾಗಿ ನೆಟ್ಟದ್ದು ಇದೇ ಕಾರಣಕ್ಕೆ.

ಹೀಗೆ ಅದು ದುಡಿಯುವವರ ವೈನಾಯಿತು. ಹಳ್ಳಿ ಬಿಟ್ಟು ತುರಿನ್‌ನ ಕಾರು ಕಾರ್ಖಾನೆಗಳಿಗೆ ಬಂದವರು ವರ್ಷಕ್ಕೊಮ್ಮೆ ಊರಿಗೆ ಹೋಗಿ 'ದಮಿಜಾನಾ' ತುಂಬಿಸಿಕೊಂಡು ಬರುತ್ತಿದ್ದರು. ದಮಿಜಾನಾ ಎಂದರೆ 54 ಲೀಟರು ಹಿಡಿಯುವ, ಹೊರಗೆ ಬೆತ್ತದ ಹೆಣಿಗೆಯಿರುವ ದೊಡ್ಡ ಗಾಜಿನ ಬುರುಡೆ. ನಮ್ಮಲ್ಲಿ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಜೋಡಿಸಿಡುವುದಿಲ್ಲವೇ, ಹಾಗೆ. ಜಾರ್ಜೊ ಗಾಬರ್ ಎಂಬ ಗಾಯಕನ 'ಬಾರ್ಬೆರಾ ಎ ಶಾಂಪೇನ್' ಎಂಬ ಹಾಡು ಇಟಲಿಯಲ್ಲಿ ಮನೆಮಾತು. ಶಾಂಪೇನ್ ಸಿರಿವಂತನ ಕೈಯಲ್ಲಿ, ಬಾರ್ಬೆರಾ ಬಡವನ ಕೈಯಲ್ಲಿ. ಹಾಡು ಕೇಳುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ರುಚಿ. ಈ ವಿಷಯದಲ್ಲಿ ಇಂಗ್ಲಿಷಿನವರಿಗಿಂತ ನಮಗೆ ಒಂದು ಅನುಕೂಲವಿದೆ. ಅವರು ಉದ್ದುದ್ದ ವಿವರಿಸಬೇಕಾದ್ದನ್ನು ನಾವು ಒಂದೇ ಶಬ್ದದಲ್ಲಿ ಹೇಳಿಬಿಡಬಹುದು: ಒಗರು. ಷಡ್ರಸಗಳಲ್ಲಿ ಅದಕ್ಕೊಂದು ಸ್ಥಾನವನ್ನೇ ಕೊಟ್ಟವರು ನಾವು. ಎಳೆ ಬಾಳೆಕಾಯಿ, ಹಸಿ ಅಡಿಕೆ, ನೆಲ್ಲಿಕಾಯಿ ಬಾಯಿಗೆ ಹಾಕಿದಾಗ ನಾಲಿಗೆ ಒಣಗಿ ಒರಟಾಗುತ್ತದಲ್ಲ, ಅದು. ಕೆಂಪು ವೈನಿನ ಒಗರು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ಎಂಬ ವಸ್ತುವಿನಿಂದ ಬರುತ್ತದೆ. ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಬಾಯಿಯ ಜಾರು ಗುಣವೇ ಮಾಯ! ಎಳೆಯ ಬಾರೋಲೊ ಕುಡಿದವರಿಗೆ ಇದರ ಅನುಭವ ಚೆನ್ನಾಗಿ ಆಗುತ್ತದೆ. ಬಾರ್ಬೆರಾದಲ್ಲಿ ಮಾತ್ರ ಟ್ಯಾನಿನ್ ಬಲು ಕಡಿಮೆ. ಸಿಪ್ಪೆಯಲ್ಲಿ ಬಣ್ಣವೇನೋ ಧಾರಾಳವಾಗಿದೆ. ಗ್ಲಾಸಿನಲ್ಲಿ ನೋಡಿದರೆ ಹೆದರಿಸುವಷ್ಟು ಗಾಢ ಕೆಂಪು, ಅಂಚಿನಲ್ಲಿ ನೇರಳೆ. ಆದರೆ ಬಾಯಿಗೆ ಬಂದರೆ ಎಲ್ಲೂ ತೊಡರದೆ ಇಳಿದುಬಿಡುತ್ತದೆ. ನೇರಳೆಹಣ್ಣಿನಿಂದ ಒಗರನ್ನು ಯಾರಾದರೂ ತೆಗೆದುಬಿಟ್ಟರೆ ಏನು ಉಳಿದೀತೋ ಹೆಚ್ಚುಕಡಿಮೆ ಆ ರುಚಿ. ಜೊತೆಗೆ ಹುಳಿ ಚೆರ್ರಿಯದೊಂದು ಪರಿಮಳ.

ಹಾಗೆಂದು ನಯ ಎಂದರೆ ಸಿಹಿ ಎಂದೋ ಸಪ್ಪೆ ಎಂದೋ ಭಾವಿಸಬಾರದು. ಬಾರ್ಬೆರಾದ ಬೆನ್ನೆಲುಬು ಹುಳಿ. ದ್ರಾಕ್ಷಿ ಎಷ್ಟೇ ಹಣ್ಣಾಗಲಿ, ಆ ಹುಳಿ ಬಿಟ್ಟುಹೋಗುವುದಿಲ್ಲ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿರುತ್ತವೆ. ಒಂದು ಟಾರ್ಟಾರಿಕ್, ನಮ್ಮ ಹುಣಸೆಹಣ್ಣಿನದು. ಇನ್ನೊಂದು ಮ್ಯಾಲಿಕ್, ಹಸಿ ಸೇಬಿನದು. ಈ ಎರಡನೆಯದು ಹಲ್ಲು ಚುಳ್ಳೆನಿಸುವಂಥದ್ದು. ದ್ರಾಕ್ಷಿರಸ ಹುದುಗಿ ವೈನಾದ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾ ಅದರೊಳಗೆ ಕೆಲಸ ಆರಂಭಿಸುತ್ತದೆ. ಸೇಬಿನ ಚೂಪು ಆಮ್ಲವನ್ನು ಒಡೆದು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತದೆ. ಅಂದರೆ ಮೊಸರಿನ ಹುಳಿ! ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವ ನಮ್ಮ ಮನೆಯ ಹೆಂಗಸರಿಗೆ ಈ ಮೆದು ಹುಳಿಯನ್ನು ಪರಿಚಯಿಸಬೇಕಾಗಿಲ್ಲ. ಈ ಕೆಲಸಕ್ಕೆ ಬೆಚ್ಚಗಿನ ಜಾಗ ಬೇಕು, ಸಮಯ ಬೇಕು. ಹಿಂದಿನ ಕಾಲದಲ್ಲಿ ನೆಲಮಾಳಿಗೆಯ ಚಳಿಗೆ ಅದು ಅರ್ಧಕ್ಕೇ ನಿಂತು, ವಸಂತ ಬಂದಾಗ ಬಾಟಲಿಯೊಳಗೇ ಮತ್ತೆ ಶುರುವಾಗುತ್ತಿತ್ತಂತೆ. ಹಾಗಾಗಿ ಹಳೆಯ ಕಾಲದ ಬಾರ್ಬೆರಾ ಕೊಂಚ ನೊರೆಗಟ್ಟುತ್ತಿತ್ತು, ಹಲ್ಲಿಗೂ ತಾಕುತ್ತಿತ್ತು. ಈಗಿನ ನಯ ಹಣ್ಣಿನ ಗುಣ ಅರ್ಧ, ಕಾಯುವವನ ತಾಳ್ಮೆ ಅರ್ಧ ಎನ್ನಬಹುದು.

ತುರಿನ್‌ನಲ್ಲಿ ನಮ್ಮ ಮನೆಯ ಮಾಲೀಕರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮೂಲ ಆಸ್ತಿಯ ಹತ್ತಿರದ ಒಂದು ಹಳ್ಳಿ. ನವೆಂಬರಿನ ಒಂದು ಭಾನುವಾರ ಊಟಕ್ಕೆ ಕರೆದರು. ಮೇಜಿನ ನಡುವೆ ಮಣ್ಣಿನ ಪುಟ್ಟ ಒಲೆ, ಅದರೊಳಗೆ ಮೇಣದ ದೀಪ, ಮೇಲೆ ಮಣ್ಣಿನ ಬಟ್ಟಲಿನಲ್ಲಿ ಸಣ್ಣಗೆ ಕುದಿಯುವ ಗೊಜ್ಜು. ಅದರ ಹೆಸರು 'ಬಾನ್ಯಾ ಕಾವ್ದಾ', ಅಂದರೆ ಬಿಸಿ ಗೊಜ್ಜು. ಆಲಿವ್ ಎಣ್ಣೆ, ಉಪ್ಪು ಹಾಕಿಟ್ಟ ಆಂಚೊವಿ ಎಂಬ ಸಣ್ಣ ಮೀನು, ಮತ್ತು ಬೆಳ್ಳುಳ್ಳಿ. ಬೆಳ್ಳುಳ್ಳಿ ಎಂದರೆ ಒಗ್ಗರಣೆಗೆ ಜಜ್ಜಿ ಹಾಕುವ ನಾಲ್ಕು ಎಸಳಲ್ಲ, ಸ್ವಾಮಿ! ಸಂಪ್ರದಾಯದ ಲೆಕ್ಕ ತಲೆಗೊಂದು ಇಡೀ ಗಡ್ಡೆ. ದೊಣ್ಣೆಮೆಣಸಿನಕಾಯಿ, ಎಲೆಕೋಸು, ಕಾರ್ಡೊ ಎಂಬ ಬಿಳಿಯ ದಂಟು, ಬೇಯಿಸಿದ ಗೆಡ್ಡೆಗಳು, ಎಲ್ಲವನ್ನೂ ಅದ್ದಿ ಅದ್ದಿ ತಿನ್ನಬೇಕು. ಸಮುದ್ರವಿಲ್ಲದ ಪಿಯೆಮೊಂತೆಗೆ ಈ ಮೀನು ಬಂದದ್ದು ಲಿಗೂರಿಯಾ ಕರಾವಳಿಯಿಂದ ಉಪ್ಪಿನ ವ್ಯಾಪಾರದ ಹಾದಿಯಲ್ಲಿ. ದ್ರಾಕ್ಷಿಯ ಸುಗ್ಗಿ ಮುಗಿಸಿದವರು ಒಟ್ಟಿಗೆ ಕೂತು ಉಣ್ಣುತ್ತಿದ್ದ ಬಡವರ ಊಟ ಅದು.

ಎಣ್ಣೆ, ಉಪ್ಪು, ಬೆಳ್ಳುಳ್ಳಿಯ ಘಾಟು. ಇಂಥದ್ದರ ಮುಂದೆ ಒಗರಿನ ವೈನು ಇಟ್ಟರೆ ಇಬ್ಬರು ಜಗಳಗಂಟರನ್ನು ಒಂದೇ ಬೆಂಚಿನಲ್ಲಿ ಕೂರಿಸಿದಂತೆ. ಬಾರ್ಬೆರಾ ಹಾಗಲ್ಲ. ಅದರ ಹುಳಿ ಬಾಯಲ್ಲಿ ನೀರೂರಿಸುತ್ತದೆ, ನಾಲಿಗೆಗೆ ಅಂಟಿದ ಜಿಡ್ಡನ್ನು ತೊಳೆಯುತ್ತದೆ, ಮುಂದಿನ ತುತ್ತಿಗೆ ಜಾಗ ಮಾಡಿಕೊಡುತ್ತದೆ. ತಾನು ಮುಂದೆ ಬಂದು ನಿಲ್ಲುವುದಿಲ್ಲ. ನಮ್ಮ ಊಟದಲ್ಲಿ ತಿಳಿಸಾರು ಮಾಡುವ ಕೆಲಸವನ್ನೇ ಅಲ್ಲಿ ಇದು ಮಾಡುತ್ತದೆ. ಆ ಎರಡು ವರ್ಷಗಳಲ್ಲಿ ಅವರ ಮೇಜಿನ ಮೇಲೆ ನಾನು ಕಂಡ ಜೋಡಿಗಳೆಲ್ಲ ಈ ಲೆಕ್ಕಕ್ಕೇ ಬಂದವು. ಆನ್ಯೊಲೊತ್ತಿ ಎಂಬ, ಮಾಂಸದ ಹೂರಣ ತುಂಬಿ ಬೆರಳಲ್ಲಿ ಚಿವುಟಿದ ಪುಟ್ಟ ಕಡುಬು. ಬಗೆಬಗೆಯ ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಹಸಿರು ಚಟ್ನಿಯೊಡನೆ ಬಡಿಸುವ 'ಬೊಲ್ಲಿತೊ'. ರೊಕ್ಕವೆರಾನೊ ಗುಡ್ಡದ ಮೇಕೆ ಹಾಲಿನ ಮೆದು ಚೀಸು. ಅನ್ನಕ್ಕೇ ಈ ವೈನು ಸುರಿದು ಬೇಯಿಸಿದ ಕೆಂಪು ರಿಸೊಟ್ಟೊ. ಟೊಮೆಟೊ ಸಾರಿನ ಪಾಸ್ತಾಕ್ಕೂ ಪಿಜ್ಜಾಕ್ಕೂ ಇದು ಒಪ್ಪುವುದು ಹುಳಿಗೆ ಹುಳಿ ಸಮನಾಗಿ ನಿಲ್ಲುವುದರಿಂದ. ಹುಳಿ ಕಡಿಮೆಯಿರುವ ವೈನು ಟೊಮೆಟೊದ ಮುಂದೆ ನೀರಾಗಿಬಿಡುತ್ತದೆ. ಹೊಂದದ್ದೂ ಇದೆ. ಸಿಹಿತಿಂಡಿಯ ಜೊತೆ ಬಾರ್ಬೆರಾ ಬರೀ ಹುಳಿಯಾಗಿ ಕಾಣುತ್ತದೆ. ಬೇಯಿಸಿದ ಬಿಳಿ ಮೀನಿನಂಥ ಸೂಕ್ಷ್ಮ ರುಚಿಯನ್ನು ಅದು ಮುಚ್ಚಿಹಾಕುತ್ತದೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಊರಿನ ದಮಿಜಾನಾದಿಂದ ಬಂದ ವೈನಾದರೆ ಸರಿ, ನೇರ ಗ್ಲಾಸಿಗೆ. ಯಾರಾದರೂ ಅಂಗಡಿಯ ಬಾಟಲಿ ತಂದರೆ ಯಜಮಾನರು ಕನ್ನಡಕ ಹಾಕಿಕೊಂಡು ಚೀಟಿಯ ಹಿಂದುಮುಂದೆಲ್ಲ ಓದಿ, ತುಂಬಿದವರ ವಿಳಾಸ ನೋಡಿ, ಆಮೇಲೆ ಬಿರಡೆ ತೆಗೆಯುತ್ತಿದ್ದರು. ವೈನಿನ ಪಂಡಿತಿಕೆ ಇರಬೇಕೆಂದುಕೊಂಡು ಒಂದು ದಿನ ಕೇಳಿದೆ. "ಎಂಬತ್ತಾರು" ಎಂದರು. ವೈನಿನ ವರ್ಷವೇ ಎಂದೆ. "ಅಲ್ಲ, ಸಾವಿನ ವರ್ಷ" ಎಂದರು.

1986ರ ಮಾರ್ಚ್ ತಿಂಗಳು. ಮಿಲಾನ್ ನಗರದಲ್ಲಿ ಒಬ್ಬರ ಹಿಂದೊಬ್ಬರು ಜನ ಸಾಯತೊಡಗಿದರು. ಕೆಲವರಿಗೆ ಕಣ್ಣು ಹೋಯಿತು. ಎಲ್ಲರೂ ಕುಡಿದದ್ದು ಅಂಗಡಿಗಳಲ್ಲಿ ಅತಿ ಅಗ್ಗಕ್ಕೆ ಸಿಗುತ್ತಿದ್ದ ದಿನಬಳಕೆಯ ವೈನು. ಬಾಟಲಿಯ ಮೇಲಿದ್ದ ಹೆಸರು ಬಾರ್ಬೆರಾ. ನೀರುನೀರಾದ ಕಳಪೆ ವೈನಿಗೆ ಮದ್ಯಸಾರದ ಅಂಶ ಹೆಚ್ಚಿಸಲು ಮಿಥೈಲ್ ಆಲ್ಕೊಹಾಲ್ ಬೆರೆಸಲಾಗಿತ್ತು. ವೈನಿನಲ್ಲಿ ಸಹಜವಾಗಿರುವ ಈಥೈಲ್ ಆಲ್ಕೊಹಾಲಿಗಿಂತ ಅದು ಅಗ್ಗ. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪಿಯೆಮೊಂತೆಯದೇ ವ್ಯಾಪಾರಿಗಳು ಸೆರೆಮನೆಗೆ ಹೋದರು. ಇಟಲಿಯ ವೈನಿನ ರಫ್ತು ಥಟ್ಟನೆ ಕುಸಿಯಿತು. ಏನೂ ತಪ್ಪು ಮಾಡದ ಸಾವಿರಾರು ರೈತರ ಪೀಪಾಯಿಗಳು ಮಾರಾಟವಾಗದೆ ಉಳಿದವು. ಸತ್ತವರು ಶಾಂಪೇನ್ ಕುಡಿಯುವವರಾಗಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕೇ?

ಆ ಮಾತು ಕೇಳುತ್ತಿದ್ದ ನನಗೆ ಕಣ್ಣ ಮುಂದೆ ಬಂದದ್ದು ಬೆಂಗಳೂರು. 1981ರ ಜುಲೈನಲ್ಲಿ ಇದೇ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳಸಾರಾಯಿ ಕುಡಿದು ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ಅದೇ ಆಯಿತು. ನೂರೈವತ್ತಕ್ಕೂ ಹೆಚ್ಚು ಸಾವು. ಎರಡು ಖಂಡಗಳ ಎರಡು ಪೇಯಗಳು, ಆದರೆ ವಿಷ ಒಂದೇ, ವ್ಯಾಪಾರದ ಲೆಕ್ಕ ಒಂದೇ, ಸತ್ತವರ ಜೇಬಿನ ತೂಕವೂ ಒಂದೇ.

ಈ ವಿಷದ ಕ್ರೌರ್ಯವಿರುವುದು ಅದರ ನಯದಲ್ಲಿ. ಬಾಯಿಗೆ ಹಾಕಿದರೆ ಗೊತ್ತಾಗುವುದಿಲ್ಲ. ಒಗರಿಲ್ಲ, ಕಹಿಯಿಲ್ಲ, ಎಚ್ಚರಿಸುವಂಥ ವಾಸನೆಯಿಲ್ಲ. ಹೊಟ್ಟೆ ಸೇರಿದ ಮೇಲೆ ನಮ್ಮ ಯಕೃತ್ತೇ ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಅನಂತರ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತದೆ. ಈ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. ಅದಕ್ಕೆ ಎಷ್ಟೋ ಗಂಟೆ ಬೇಕು. ಅಷ್ಟರಲ್ಲಿ ಕುಡಿದವನು ಮನೆಗೆ ಹೋಗಿ ಮಲಗಿರುತ್ತಾನೆ. ನಾಲಿಗೆಯನ್ನು ನಂಬಿ ಬದುಕುವವರು ನಾವು. ಹಳಸಿದ ಅನ್ನವನ್ನೂ ಒಡೆದ ಹಾಲನ್ನೂ ಅದು ಪತ್ತೆಹಚ್ಚುತ್ತದೆ. ಇಲ್ಲಿ ಮಾತ್ರ ಆ ಕಾವಲುಗಾರ ಕೈಚೆಲ್ಲುತ್ತಾನೆ. ಆಗ ನಮಗೆ ಉಳಿಯುವುದು ತಯಾರಿಸಿದವನ ಮೇಲಿನ ನಂಬಿಕೆಯೊಂದೇ. ಮನೆಯ ಯಜಮಾನರು ಕನ್ನಡಕ ಹಾಕಿಕೊಂಡು ವಿಳಾಸ ಓದುತ್ತಿದ್ದದ್ದರ ಅರ್ಥ ಆಗ ತಿಳಿಯಿತು.

ಆ ಹೊಡೆತದಿಂದ ಬಾರ್ಬೆರಾ ಚೇತರಿಸಿಕೊಂಡದ್ದು ಒಂದು ದೊಡ್ಡ ಕಥೆ. ಅದರ ಬೀಜ ಮೊದಲೇ ಬಿದ್ದಿತ್ತು. ಆಸ್ತಿಯ ಬಳಿ ರೊಕ್ಕೆತ್ತ ತನಾರೊ ಎಂಬ ಹಳ್ಳಿ. ಅಲ್ಲಿ ಜಾಕೊಮೊ ಬೊಲೊನ್ಯಾ ಎಂಬ ದ್ರಾಕ್ಷಿ ಬೆಳೆಗಾರ ಇದ್ದ. ಬಡವರ ದ್ರಾಕ್ಷಿಯೆಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಆತ ಬಾರ್ಬೆರಾದ ಇಳುವರಿಯನ್ನು ಬೇಕೆಂದೇ ತಗ್ಗಿಸಿ, ಹಣ್ಣನ್ನು ಪೂರ್ತಿ ಮಾಗಲು ಬಿಟ್ಟು, ವೈನನ್ನು ಫ್ರೆಂಚರ ಹಾಗೆ ಓಕ್ ಮರದ ಸಣ್ಣ ಪೀಪಾಯಿಗಳಲ್ಲಿ ಇಟ್ಟು ಕಾದ. 1982ರ ಸುಗ್ಗಿಯಿಂದ ತೆಗೆದ ಆ ವೈನಿನ ಹೆಸರು 'ಬ್ರಿಕ್ಕೊ ದೆಲ್ಲುಚೆಲ್ಲೊನೆ', ದೊಡ್ಡ ಹಕ್ಕಿಯ ಗುಡ್ಡ. ಆ ಗುಡ್ಡದಲ್ಲಿದ್ದ, ಸದಾ ಕಪ್ಪು ಬಟ್ಟೆ ಉಡುತ್ತಿದ್ದ ಹೆಂಗಸೊಬ್ಬಳಿಗೆ ಊರವರು ಇಟ್ಟಿದ್ದ ಅಡ್ಡಹೆಸರು ಅದು. ಓಕ್ ಮರ ಬಾರ್ಬೆರಾಕ್ಕೆ ಇಲ್ಲದ ಒಗರನ್ನು ಹದವಾಗಿ ಕೊಟ್ಟಿತು, ಹುಳಿಗೆ ದುಂಡಗಿನ ಆಕಾರ ಕೊಟ್ಟಿತು. ದೊಡ್ಡ ದೊಡ್ಡ ಹೋಟೆಲುಗಳವರು ಬಾರ್ಬೆರಾ ಕೇಳಿಕೊಂಡು ಬಂದರು. ಬೊಲೊನ್ಯಾ 1990ರಲ್ಲಿ ತೀರಿಕೊಂಡ. ಆದರೆ ನೆರೆಹೊರೆಯವರು ಆ ಹಾದಿ ಬಿಡಲಿಲ್ಲ.

1986ರಲ್ಲೇ, ಅದೇ ಪಿಯೆಮೊಂತೆಯ ಬ್ರಾ ಎಂಬ ಊರಿನ ಕಾರ್ಲೊ ಪೆಟ್ರಿನಿ ಮತ್ತವರ ಗೆಳೆಯರು ಆರ್ಚಿಗೋಲಾ ಎಂಬ ಸಂಘ ಕಟ್ಟಿದರು. 1989ರಲ್ಲಿ ಅದು 'ಸ್ಲೋ ಫುಡ್' ಎಂಬ ಅಂತರರಾಷ್ಟ್ರೀಯ ಚಳವಳಿಯಾಯಿತು. ಬಸವನಹುಳು ಅದರ ಗುರುತು. ಊಟ ಒಳ್ಳೆಯದಿರಬೇಕು, ಶುಚಿಯಾಗಿರಬೇಕು, ಬೆಳೆದವನಿಗೆ ನ್ಯಾಯದ ಬೆಲೆ ಸಿಗಬೇಕು ಎಂಬುದು ಅವರ ವಾದ. ಕಾನೂನೂ ಬಿಗಿಯಾಯಿತು. 2008ರಲ್ಲಿ ಆಸ್ತಿಯ ಬಾರ್ಬೆರಾಕ್ಕೆ ಇಟಲಿಯ ಅತ್ಯುನ್ನತ ದರ್ಜೆಯ ಮುದ್ರೆ ಸಿಕ್ಕಿತು. ಅದರಲ್ಲಿ ಕನಿಷ್ಠ ನೂರಕ್ಕೆ 90 ಭಾಗ ಬಾರ್ಬೆರಾ ದ್ರಾಕ್ಷಿಯೇ ಇರಬೇಕು. ಪ್ರತಿ ಬಾಟಲಿಯ ಕತ್ತಿಗೂ ಸಂಖ್ಯೆಯಿರುವ ಸರಕಾರಿ ಪಟ್ಟಿ. 2014ರಲ್ಲಿ ನಿತ್ಸಾ ಎಂಬ ಊರಿನ ಸುತ್ತಿನ ಬಾರ್ಬೆರಾಕ್ಕೆ ಪ್ರತ್ಯೇಕ ದರ್ಜೆ ದೊರೆಯಿತು. ಅದೇ ವರ್ಷ ಯುನೆಸ್ಕೊ ಈ ದ್ರಾಕ್ಷಿ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ಆದ ಮೇಲೆ ನಮ್ಮ ಮಾಲೀಕರಿಗೆ ಸಂತೋಷವೇ? ಪೂರ್ತಿಯಾಗಿ ಅಲ್ಲ. "ಈಗಿನ ದೊಡ್ಡ ಬಾರ್ಬೆರಾ ಚೆನ್ನಾಗಿದೆ, ಆದರೆ ಮಗಳ ಮದುವೆಗೆ ಮಾತ್ರ" ಎನ್ನುತ್ತಿದ್ದರು. ಮರದ ಪೀಪಾಯಿಯ ಬೆಲೆಯೂ ಕಾದ ವರ್ಷಗಳ ಬೆಲೆಯೂ ಬಾಟಲಿಗೆ ಸೇರಿ, ಬಡವರ ಹೆಣ್ಣು ಸಿರಿವಂತರ ಸೊಸೆಯಾಗಿಬಿಟ್ಟಿದ್ದಾಳೆ ಎಂಬ ಸಣ್ಣ ಬೇಸರ ಅವರದು. ದಿನದ ಊಟಕ್ಕೆ ಅವರು ಇಡುತ್ತಿದ್ದುದು ಮರ ಮುಟ್ಟದ, ಒಂದೆರಡು ವರ್ಷದ ಸಾದಾ ಬಾರ್ಬೆರಾವನ್ನೇ. ನನಗೂ ಅದೇ ಹೆಚ್ಚು ಹಿಡಿಸಿತು. ಬೆಲೆಯ ಕಾರಣಕ್ಕಲ್ಲ. ಮರದಲ್ಲಿ ಮಾಗಿದ್ದನ್ನು ಮೇಜಿನ ಮೇಲಿಟ್ಟರೆ ಅದರ ಗುಣಗಾನದಲ್ಲೇ ಊಟ ಮುಗಿಯುತ್ತದೆ. ಸಾದಾ ಬಾರ್ಬೆರಾ ಇದ್ದಾಗ ಜನ ಮಕ್ಕಳ ಶಾಲೆ, ಮಳೆ, ಫುಟ್‌ಬಾಲು, ಸತ್ತುಹೋದ ನೆಂಟರು ಎಲ್ಲದರ ಬಗ್ಗೆ ಮಾತನಾಡುತ್ತಾರೆ.

ನಮ್ಮ ಅಡುಗೆಗೆ ಇದು ಒಗ್ಗೀತೇ ಎಂದು ಕೇಳುವವರಿದ್ದಾರೆ. ಖಾರದ ಜೊತೆ ಒಗರಿನ ವೈನು ಬೆಂಕಿಗೆ ಗಾಳಿ ಹಾಕಿದಂತೆ. ಒಗರಿಲ್ಲದ ಬಾರ್ಬೆರಾ ಆ ತೊಂದರೆ ಕೊಡುವುದಿಲ್ಲ. ಹುಳಿಯ ಅಡುಗೆಗೂ ಅದು ಸೋಲುವುದಿಲ್ಲ. ಕೊಡಗಿನ ಕಾಚಂಪುಳಿ ಹಾಕಿದ ಹಂದಿಮಾಂಸದ ಜೊತೆಗೂ ಎಣ್ಣೆಗಾಯಿಯ ಜೊತೆಗೂ ನನ್ನ ನಾಲಿಗೆ ಅದನ್ನು ಒಪ್ಪಿಕೊಂಡಿದೆ. ತೀರಾ ಖಾರವಿದ್ದರೆ ಯಾವ ಮದ್ಯಸಾರವೂ ಉರಿ ಹೆಚ್ಚಿಸುತ್ತದೆ, ಆಗ ಮಜ್ಜಿಗೆಯೇ ಮೇಲು. ಇಟಲಿಯವರು ಕೋಣೆಯ ಉಷ್ಣತೆ ಎಂದಾಗ ಅವರ ಮನಸ್ಸಿನಲ್ಲಿರುವುದು ಕಲ್ಲುಗೋಡೆಯ ಕೋಣೆ. ನಮ್ಮ ಏಪ್ರಿಲ್ ತಿಂಗಳ ಕೋಣೆಯಲ್ಲ. ಕುಡಿಯುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 16 ಡಿಗ್ರಿಯ ಆಸುಪಾಸಿಗೆ ತಂದರೆ ಹಣ್ಣಿನ ಪರಿಮಳ ಉಳಿಯುತ್ತದೆ. ಊಟದ ಜೊತೆ ಒಂದು ಗ್ಲಾಸು. ಊಟ ಮುಗಿದ ಮೇಲೂ ಅದು ಮೇಜಿನ ಮೇಲಿದ್ದರೆ ಆ ಮನೆಯ ಯಜಮಾನತಿ ಮಾತಿಲ್ಲದೆ ಎತ್ತಿ ಒಳಗಿಡುತ್ತಿದ್ದರು.

ಕುಡಿಯದವರಿಗೆ ಇದನ್ನು ಕುಡಿಯಿರೆಂದು ಹೇಳುವ ಉದ್ದೇಶ ನನ್ನದಲ್ಲ. ಒಂದು ಲೋಟ ಹಾಲಿನ ವಿಷಯದಲ್ಲಿ, ಒಂದು ಚಮಚ ತುಪ್ಪದ ವಿಷಯದಲ್ಲಿ, ಮಗುವಿಗೆ ಕೊಡುವ ಕೆಮ್ಮಿನ ಔಷಧಿಯ ವಿಷಯದಲ್ಲಿ ಕೂಡ ನಮ್ಮ ನಾಲಿಗೆ ಹೇಳುವುದು ಅರ್ಧ ಸತ್ಯ. ಉಳಿದರ್ಧ ಮಾಡಿದವನ ಬಳಿ ಇರುತ್ತದೆ. ಬಾಟಲಿಯ ಮೇಲೆ 'ನಯ' ಎಂದು ಬರೆಯುವುದು ಸುಲಭ. ಅದರ ಕೆಳಗೆ ತನ್ನ ಹೆಸರು, ತನ್ನ ಊರು, ತನ್ನ ಗುಡ್ಡ ಇಂಥದ್ದೆಂದು ಬರೆಯುವ ಧೈರ್ಯ ಯಾರಿಗಿದೆಯೋ ಅವರ ನಯವನ್ನು ನಂಬಬಹುದು.